ಮನೆಯ ಚಿತ್ರದಲ್ಲಿ ಚಿತ್ರ ತೆಗೆದವರು

ಗೃಹಸ್ಥನ ಊಟ, ಉಡಿಗೆ, ವ್ಯಾಪಾರ, ದಾನ, ಪ್ರಯಾಣ, ಮಾತು ಇವೆಲ್ಲವನ್ನೂ ಶ್ರಾವಕಾಚಾರ ಗ್ರಂಥಗಳು ಬಹು ಸೂಕ್ಷ್ಮವಾಗಿ ವಿಚಾರಿಸಿವೆ. ನೀರನ್ನು ಎಂತಹ ಬಟ್ಟೆಯಲ್ಲಿ ಸೋಸಬೇಕು, ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಎಲ್ಲಿ ಬಿಡಬೇಕು ಎಂಬಷ್ಟರವರೆಗೆ ಈ ಪರಂಪರೆಯ ವಿವೇಚನೆ ಸಾಗುತ್ತದೆ. ಛಾಯಾಚಿತ್ರದ ಕುರಿತು ಮಾತ್ರ ಅವು ಮೌನವಾಗಿವೆ. ಆ ಕಾಲಕ್ಕೆ ಅದು ಇರಲೇ ಇಲ್ಲ. ಇಂದಾದರೋ ಛಾಯಾಚಿತ್ರವಿಲ್ಲದ ಮನೆಯೇ ಇಲ್ಲ. ಹೊಸ ವಸ್ತುವೊಂದು ಮನೆಯೊಳಗೆ ಬಂದು ನೆಲೆಸಿದಾಗ ಹಳೆಯ ಅಳತೆಗೋಲನ್ನು ಹಿಡಿದು ಅದನ್ನು ನೋಡುವುದು ಅನುಚಿತವಲ್ಲ.

ಪ್ರಶ್ನೆ ನೋಡಲು ಚಿಕ್ಕದು. ಯಾರೂ ಸಿಂಗರಿಸಿಕೊಂಡು ಸಿದ್ಧರಾಗಿರದ ಹೊತ್ತಿನಲ್ಲಿ, ನಿತ್ಯದ ಕೆಲಸಗಳ ನಡುವೆ, ಮನೆಯವರನ್ನು ಅವರಿದ್ದ ಹಾಗೆಯೇ ಹಿಡಿಯುವ ಚಿತ್ರಗಳಿರುತ್ತವೆ. ಅಂತಹ ಚಿತ್ರಗಳಲ್ಲಿ ತೆಗೆಯುವವರು ತಮ್ಮನ್ನೂ ಸೇರಿಸಿಕೊಳ್ಳಬೇಕೆ? ಸೇರಿಸಿಕೊಂಡರೆ ಅದು ಮಾನಕಷಾಯದ ಲಕ್ಷಣವಾಗುತ್ತದೆಯೆ? ಹೊರಗುಳಿದರೆ ಅದನ್ನು ವಿನಯವೆನ್ನಬಹುದೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಜೈನರ ಮನೆಗಳು ಈಗ ಹೆಚ್ಚಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಊರಿಗೇ ಹೆಸರು ಕೊಟ್ಟು ನಿಂತಿರುವ ಎತ್ತರದ ಕಂಬವನ್ನೂ ಅದರ ಬಳಿಯ ಪಂಚಕೂಟ ಬಸದಿಯನ್ನೂ, ಕನ್ನಂಬಾಡಿ ಹಿನ್ನೀರಿನ ಕಡೆ ಬಸ್ತಿಹೊಸಕೋಟೆಯ ಬಾಹುಬಲಿಯನ್ನೂ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಆದಿನಾಥ ಬಸದಿಯನ್ನೂ ಕಂಡವರಿಗೆ, ಒಂದು ಕಾಲಕ್ಕೆ ಇಲ್ಲಿ ಎಂತಹ ಸಮಾಜವಿತ್ತೆಂಬುದು ತಾನಾಗಿ ತಿಳಿಯುತ್ತದೆ. ಉಳಿದಿರುವ ಕೆಲವು ಮನೆಗಳ ಮಟ್ಟಿಗೆ ಹಳೆಯ ಆಲ್ಬಮ್ ಕೇವಲ ವಿನೋದದ ವಸ್ತುವಲ್ಲ. ಮಕ್ಕಳು ಮೈಸೂರು, ಬೆಂಗಳೂರು, ಪರದೇಶಗಳಲ್ಲಿ ನೆಲೆಸಿದ ಮೇಲೆ ಊರಿನ ಮನೆ ಹೇಗಿತ್ತು, ಸಂಜೆ ಬೆಳಕಿರುವಾಗಲೇ ಎಲ್ಲರೂ ಸಾಲಾಗಿ ಹೇಗೆ ಊಟಕ್ಕೆ ಕುಳಿತರು, ನೋಂಪಿಯ ಉದ್ಯಾಪನೆಗೆ ನಡುಮನೆಯನ್ನು ಹೇಗೆ ಸಾರಿಸಿ ಅಣಿಗೊಳಿಸಿದರು ಎಂಬುದಕ್ಕೆ ಉಳಿಯುವ ಸಾಕ್ಷಿ ಬಹುಮಟ್ಟಿಗೆ ಅದೇ.

ಅಂತಹ ಒಂದು ಆಲ್ಬಮನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಸಂಗತಿ ಕಾಣಿಸುತ್ತದೆ. ಹಿಂದೆ ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಮಧ್ಯಮ ವರ್ಗದ ಅನೇಕ ಮನೆಗಳಿಗೆ ಬಂದಿತ್ತು. ಅದರ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು ನಿಂತರೆ ಮಾತ್ರ ಚಿತ್ರ ಚೆನ್ನಾಗಿ ಬರುತ್ತದೆಂಬುದು ಆಗಿನ ಪಾಠ. ಮನೆಯಲ್ಲಿ ಕ್ಯಾಮೆರಾ ಹಿಡಿಯಬಲ್ಲವನು ಒಬ್ಬನೇ. ಮೈಸೂರಿನಲ್ಲಿ ಓದಿದ ಮಗನೋ, ಮೇಷ್ಟರಾಗಿದ್ದ ಚಿಕ್ಕಪ್ಪನೋ ಆಗಿರುತ್ತಿದ್ದರು. ಉಳಿದವರು ಅದನ್ನು ಮುಟ್ಟಲು ಹೆದರುತ್ತಿದ್ದರು. ಹೀಗಾಗಿ ಜಗಲಿಯ ಮೇಲೆ ಕುಳಿತು ಹುಳುವಿದೆಯೇ ಎಂದು ಸೊಪ್ಪನ್ನು ಎಲೆಎಲೆಯಾಗಿ ನೋಡುತ್ತಿರುವ ಅಜ್ಜಿ ಸಿಗುತ್ತಾಳೆ, ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಅತ್ತೆ ಸಿಗುತ್ತಾಳೆ, ಬಾವಿಕಟ್ಟೆಯ ಬಳಿ ಒಂದೇ ಕಾಲಿನಲ್ಲಿ ನಿಂತ ಹುಡುಗ ಸಿಗುತ್ತಾನೆ. ತೆಗೆದವನು ಸಿಗುವುದಿಲ್ಲ. ಬೆನ್ನಿಗೆ ಸೂರ್ಯನಿದ್ದ ಕಾರಣ ಚಿತ್ರದ ಕೆಳಬದಿಯಲ್ಲಿ ಆತನ ತಲೆ ಮತ್ತು ಎತ್ತಿದ ಮೊಳಕೈಗಳ ನೆರಳು ಬಿದ್ದಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ನೆರಳೊಂದೇ ಆತನ ಸಹಜ ಚಿತ್ರ.

ಆತ ತೀರಿಕೊಂಡ ದಿನ ಗೋಡೆಗೆ ಹಾಕಲು ಚಿತ್ರ ಬೇಕಾಗುತ್ತದೆ. ಆಗ ದೊರೆಯುವುದು ಬ್ಯಾಂಕಿನ ಪುಸ್ತಕಕ್ಕೋ ನೌಕರಿಯ ಅರ್ಜಿಗೋ ಸ್ಟುಡಿಯೊದಲ್ಲಿ ತೆಗೆಸಿದ, ಕತ್ತು ಬಿಗಿದುಕೊಂಡ, ಮನೆಯಲ್ಲಿ ಯಾರೂ ಎಂದೂ ಕಂಡಿರದ ಒಂದು ಮುಖ. ಅದನ್ನೇ ದೊಡ್ಡದು ಮಾಡಿಸಿ ಗಂಧದ ಹಾರ ಹಾಕುತ್ತಾರೆ. ಮುಂದೆ ಹುಟ್ಟುವ ಮೊಮ್ಮಕ್ಕಳ ಪಾಲಿಗೆ ಅವರ ಅಜ್ಜ ಎಂದರೆ ಅದೇ ಬಿಗಿದ ಕತ್ತು. ಆತ ಮಕ್ಕಳ ತಟ್ಟೆಗೆ ತುಪ್ಪ ಬಡಿಸಲು ಬಗ್ಗುತ್ತಿದ್ದುದಾಗಲಿ, ಸ್ವಾಧ್ಯಾಯ ಮಾಡುತ್ತ ಕನ್ನಡಕವನ್ನು ಹಣೆಗೆ ಏರಿಸಿಕೊಳ್ಳುತ್ತಿದ್ದುದಾಗಲಿ ಅವರಿಗೆ ತಿಳಿಯುವ ದಾರಿ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ದೇಹವೇ ಪರದ್ರವ್ಯ, ಅದರ ನೆರಳಿನ ನೆರಳಿಗೆ ಇಷ್ಟು ಹಂಬಲವೇಕೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಜೈನ ತತ್ತ್ವಶಾಸ್ತ್ರವು ಬಿಂಬವನ್ನು ಬರೀ ಭ್ರಮೆಯೆಂದು ತಳ್ಳಿಹಾಕಿಲ್ಲ. ಒಂದು ವಸ್ತುವನ್ನು ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ಅರಿಯಬಹುದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲೇ ಹೇಳಿದ್ದಾರೆ. ಬಿಂಬವು ಸ್ಥಾಪನೆ. ಅದು ವಸ್ತುವೇ ಅಲ್ಲ, ವಸ್ತುವಿಗೆ ಸಂಬಂಧವಿಲ್ಲದ್ದೂ ಅಲ್ಲ. ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಮೂಡಿದ ಚಿತ್ರವು ಜೀವದ ಒಂದು ಪರ್ಯಾಯದ ಸ್ಥಾಪನೆ ಎನ್ನಬಹುದು. ಅದರ ಸತ್ಯ ಅಷ್ಟಕ್ಕೇ ಸೀಮಿತ. ಹಾಗೆ ನೋಡಿದರೆ ಸ್ಟುಡಿಯೊದ ಬಿಗಿದ ಮುಖವೂ ಒಂದು ಪರ್ಯಾಯವೇ. ತೊಂದರೆ ಇರುವುದು ಆ ಒಂದೇ ಪರ್ಯಾಯವನ್ನು ಹಿಡಿದು ಇಡೀ ಮನುಷ್ಯ ಇಷ್ಟೇ ಎಂದು ಮುಂದಿನವರು ತಿಳಿಯಬೇಕಾಗಿ ಬರುವುದರಲ್ಲಿ. ಏಕಾಂತವಾದ ಹುಟ್ಟುವುದು ತರ್ಕಸಭೆಗಳಲ್ಲಿ ಮಾತ್ರವಲ್ಲ, ಮನೆಯ ಗೋಡೆಯ ಮೇಲೂ ಹುಟ್ಟಬಹುದು.

ಇನ್ನು ಮಾನದ ಪ್ರಶ್ನೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ದೇಹದ ಮದವೂ ಒಂದು. ತನ್ನನ್ನು ತಾನು ಚಿತ್ರದಲ್ಲಿ ಇರಿಸಿಕೊಳ್ಳುವವನಿಗೆ ಆ ಮದ ಅಂಟಬಹುದೆಂಬ ಭಯ ನಿರಾಧಾರವಲ್ಲ. ಅದು ಅಂಟುವುದು ಎಲ್ಲಿ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ವರ್ಣಚಿತ್ರವಿದೆ. 1784ರಲ್ಲಿ ಕಟ್ಟಿದ ಆ ಅರಮನೆಗೆ ಅದನ್ನು ಬರೆಯಿಸಿದವನು ಟಿಪ್ಪು ಸುಲ್ತಾನ. ಚಿತ್ರದೊಳಗೆ ಸೇನೆಯ ನಡುವೆ ಸಾಗುವವನೂ ಅವನೇ. ಸುತ್ತ ತಲೆಗಳು ಉರುಳುತ್ತಿವೆ, ಶತ್ರುವಿನ ನಾಯಕ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಬರೆಯಿಸಿದವನ ಮುಖದಲ್ಲಿ ಮಾತ್ರ ಬೆವರಿನ ಗುರುತೂ ಇಲ್ಲ. ಇದು ಸಹಜ ಚಿತ್ರಕ್ಕೆ ನೇರ ವಿರುದ್ಧವಾದುದು. ಇಲ್ಲಿ ತನ್ನನ್ನು ಸೇರಿಸಿಕೊಂಡದ್ದಲ್ಲ, ತನ್ನ ಸುತ್ತ ಉಳಿದವರನ್ನು ಜೋಡಿಸಿಕೊಂಡದ್ದು. ಅರಸರಿಗೆ ಅದು ರಾಜಧರ್ಮದ ಒಂದು ಅಂಗವಾಗಿ ತೋರಿದ್ದಿರಬಹುದು; ಗೃಹಸ್ಥನಿಗೆ ಆ ಮಾದರಿ ಬೇಡ.

ಅದೇ ಸೀಮೆಯಲ್ಲಿ ಬೇರೊಂದು ಮಾದರಿಯೂ ಇದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣಸ್ವಾಮಿ ದೇವಾಲಯದ ನವರಂಗದ ಕಂಬವೊಂದರಲ್ಲಿ ಮೈಸೂರಿನ ರಾಜ ಒಡೆಯರು ಕೈಮುಗಿದು ನಿಂತಿದ್ದಾರೆ. ಶ್ರೀರಂಗಪಟ್ಟಣದ ನರಸಿಂಹ ದೇವಾಲಯದಲ್ಲಿ ಕಂಠೀರವ ನರಸರಾಜ ಒಡೆಯರ ಪ್ರತಿಮೆಯಿದೆ. ಇವನ್ನು ಭಕ್ತವಿಗ್ರಹವೆಂದು ಕರೆಯುತ್ತಾರೆ. ಬಸದಿಗಳಲ್ಲಿಯೂ ಈ ಪದ್ಧತಿ ಅಪರಿಚಿತವಲ್ಲ. ಕೆ.ಆರ್. ಪೇಟೆ ಮತ್ತು ನಾಗಮಂಗಲಗಳಿಗೆ ನೆರೆಯದಾದ ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ತ್ಯಾಗದ ಬ್ರಹ್ಮದೇವರ ಕಂಬದ ಬುಡದಲ್ಲಿ ಕೆತ್ತಿರುವ ಎರಡು ಆಕೃತಿಗಳನ್ನು ಚಾವುಂಡರಾಯ ಮತ್ತು ಆತನ ಗುರು ನೇಮಿಚಂದ್ರ ಆಚಾರ್ಯರೆಂದು ಹೇಳುತ್ತ ಬಂದಿದ್ದಾರೆ. ಬೆಟ್ಟದ ನೆತ್ತಿಯಲ್ಲಿ ಐವತ್ತೆಂಟು ಅಡಿಯ ಮೂರ್ತಿಯನ್ನು ನಿಲ್ಲಿಸಿದವನು ತನಗಾಗಿ ಆರಿಸಿಕೊಂಡ ಜಾಗ ಒಂದು ಕಂಬದ ಬುಡ, ಅದೂ ಗುರುವಿನ ಜೊತೆಯಲ್ಲಿ.

ಆ ಕಂಬದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದರ ಮೇಲೆ ಚಾವುಂಡರಾಯನ ಚರಿತ್ರೆಯನ್ನು ಹೇಳುವ ದೀರ್ಘ ಶಾಸನವಿತ್ತು. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಎಂಬವನು ಕಂಬದ ಮೇಲೆ ಯಕ್ಷನನ್ನು ಮಾಡಿಸಿ, ಆ ಸಂಗತಿಯನ್ನು ಹೇಳುವ ಎರಡು ಸಾಲು ಕೆತ್ತಿಸಲು ಮೂರು ಮುಖಗಳ ಹಳೆಯ ಬರಹವನ್ನು ಅಳಿಸಿಬಿಟ್ಟನು. ಉಳಿದದ್ದು ಉತ್ತರದ ಮುಖ ಮಾತ್ರ. ಕನ್ನಡ ನಾಡಿನ ಒಬ್ಬ ದೊಡ್ಡ ದಂಡನಾಯಕ, ಗ್ರಂಥಕರ್ತನ ಬಾಳಿನ ವಿವರ ಹೀಗೆ ಶಾಶ್ವತವಾಗಿ ಕಳೆದುಹೋಯಿತು. ತನ್ನನ್ನು ಸೇರಿಸಿಕೊಳ್ಳುವುದಕ್ಕೂ ಮತ್ತೊಬ್ಬರನ್ನು ಅಳಿಸಿ ಆ ಜಾಗದಲ್ಲಿ ನಿಲ್ಲುವುದಕ್ಕೂ ಇರುವ ಅಂತರ ಈ ಒಂದು ಕಂಬದಲ್ಲಿ ಕಣ್ಣಿಗೆ ಕಾಣುವಂತಿದೆ. ಇಂದಿಗೂ ಕೆಲವು ಸ್ಮರಣ ಸಂಚಿಕೆಗಳಲ್ಲಿ, ಜೀರ್ಣೋದ್ಧಾರದ ಕರಪತ್ರಗಳಲ್ಲಿ, ಬಸದಿಯ ಚಿತ್ರ ಅಂಗೈ ಅಗಲವಾಗಿ, ಪದಾಧಿಕಾರಿಗಳ ಚಿತ್ರಗಳು ಪುಟ ತುಂಬ ಅಚ್ಚಾಗುವುದನ್ನು ಕಂಡಾಗ ಹೆಗ್ಗಡೆ ಕಣ್ಣನ ನೆನಪಾಗದಿರದು.

ತನ್ನ ಚಿತ್ರವನ್ನು ತಾನೇ ತೆಗೆಯುವುದು ಮೊಬೈಲ್ ಫೋನಿನೊಂದಿಗೆ ಹುಟ್ಟಿದ ಚಪಲವೆಂದು ಹಿರಿಯರು ಭಾವಿಸುವುದುಂಟು. ಸೆಲ್ಫಿ ಎಂಬ ಶಬ್ದವನ್ನು ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು 2013ರಲ್ಲಿ, ನಿಜ. ಆದರೆ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡದ್ದು 1839ರಲ್ಲಿ, ಎಂದರೆ ಛಾಯಾಚಿತ್ರವು ಜಗತ್ತಿಗೆ ಪ್ರಕಟವಾದ ವರ್ಷದಲ್ಲೇ. ನಮ್ಮ ದೇಶದಲ್ಲಿ ತ್ರಿಪುರದ ಮಹಾರಾಜ ಬೀರಚಂದ್ರ ಮಾಣಿಕ್ಯನು 1880ರ ಸುಮಾರಿಗೆ ಉದ್ದನೆಯ ತಂತಿಯಿಂದ ಕ್ಯಾಮೆರಾವನ್ನು ನಡೆಸಿ ರಾಣಿಯೊಡನೆ ತನ್ನ ಚಿತ್ರವನ್ನು ತೆಗೆದನು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್‌ರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್‌ರ (1870–1954) ಉದಾಹರಣೆ ಇನ್ನೂ ಹತ್ತಿರದ್ದು. ಸಂಸ್ಕೃತ, ಪಾರಸಿಗಳನ್ನು ಬಲ್ಲ ಈ ವಿದ್ವಾಂಸರು ಅರ್ಧ ಶತಮಾನಕ್ಕೂ ಮೀರಿ ಹಂಗೇರಿ, ಸಿಮ್ಲಾ, ಪ್ಯಾರಿಸ್‌ಗಳ ತಮ್ಮ ಮನೆಗಳಲ್ಲಿ ಹೆಂಡತಿ, ಮಕ್ಕಳು ಮತ್ತು ತಮ್ಮ ಚಿತ್ರಗಳನ್ನು ತೆಗೆದರು. ಕುಟುಂಬವನ್ನು ನೋಡುವ ಕಣ್ಣಿಗೆ ತಾವೂ ಕುಟುಂಬದೊಳಗಿನವರೆಂಬ ಅರಿವು ಅವರಿಗಿತ್ತು. ದೀರ್ಘ ಉಪವಾಸದ ನಂತರ ಕೃಶವಾದ ತಮ್ಮ ದೇಹವನ್ನೂ ಅವರು ಚಿತ್ರವಾಗಿಸಿದರು. ಇಲ್ಲಿ ಜೈನ ಓದುಗರು ತುಸು ತಡೆದು ನಿಲ್ಲಬೇಕು. ಎಂಟು ಮದಗಳಲ್ಲಿ ತಪಸ್ಸಿನ ಮದವೂ ಸೇರಿದೆ. ದಶಲಕ್ಷಣ ಪರ್ವದ ಉಪವಾಸ, ಪಾರಣೆಗಳ ಚಿತ್ರಗಳನ್ನು ದಿನಕ್ಕೊಂದರಂತೆ ಊರಿಗೆಲ್ಲ ಕಳುಹಿಸುವ ಹೊಸ ರೂಢಿ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಉಪವಾಸ ಮಾಡಿದವರೇ ಪರಿಶೀಲಿಸಿಕೊಳ್ಳುವುದು ಒಳಿತು.

ಹೊರಗುಳಿಯುವವರ ವಿನಯಕ್ಕೆ ಈಗ ಬರಬಹುದು. ಅನೇಕರು ಇದನ್ನು ಶಾಸ್ತ್ರದ ಮಾತಿನಿಂದಲೇ ಸಮರ್ಥಿಸುತ್ತಾರೆ. ಆತ್ಮನ ಸ್ವಭಾವ ಜ್ಞಾತಾ, ದ್ರಷ್ಟಾ ಎಂಬುದು. ನೋಡುವವನು ದೃಶ್ಯದೊಳಗೆ ಏಕೆ ಬರಬೇಕು? ಕೇಳಲು ಸೊಗಸಾದ ಮಾತು, ಆದರೆ ಅದು ಇಲ್ಲಿ ಸಲ್ಲುವುದಿಲ್ಲ. ರಾಗದ್ವೇಷಗಳಿಲ್ಲದೆ ಸಕಲವನ್ನೂ ಸಮನಾಗಿ ಕಾಣುವ ದೃಷ್ಟಿ ಕೇವಲಿಯದು. ಕ್ಯಾಮೆರಾ ಹಿಡಿದ ಗೃಹಸ್ಥ ಸಮನಾಗಿ ಕಾಣುವುದಿಲ್ಲ, ಆರಿಸುತ್ತಾನೆ. ಮುದ್ದಿನ ಮೊಮ್ಮಗನ ಚಿತ್ರ ನಲವತ್ತು ತೆಗೆದವನು ಮೂಲೆಯಲ್ಲಿ ಪಾತ್ರೆ ಉಜ್ಜುವ ಸೊಸೆಯ ಚಿತ್ರವನ್ನು ಒಂದೂ ತೆಗೆದಿರುವುದಿಲ್ಲ. ಹಾಗೆ ಆರಿಸಿದ ಕ್ಷಣದಲ್ಲೇ ಆತ ಕರ್ತೃವಾದನು. ಕರ್ತೃವಾದವನು ತಾನು ಬರೀ ಸಾಕ್ಷಿ ಎನ್ನುವುದರಲ್ಲಿ ವಿನಯಕ್ಕಿಂತ ಅಜಾಗರೂಕತೆ ಹೆಚ್ಚು.

ವೃತ್ತಿನಿರತರ ಮಾತು ಬೇರೆ. ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ನಿತ್ಯಜೀವನವನ್ನು ಅವರಿಗೆ ಕಿರುಕುಳವಾಗದಂತೆ ಹಿಡಿದ ದೊಡ್ಡ ಛಾಯಾಗ್ರಾಹಕರು. ಬೀದಿಯ ಮಕ್ಕಳ, ದುಡಿಯುವವರ ಚಿತ್ರಗಳಲ್ಲಿ ಅವರು ಹೊರಗಿದ್ದುದೇ ನ್ಯಾಯ; ಅವರು ಅಲ್ಲಿಗೆ ಹೊರಗಿನಿಂದ ಬಂದವರು. ಅವರ ಆತ್ಮಕಥೆಯ ಹೆಸರು ‘ಕಾಲಕ್ಕೆ ಕನ್ನಡಿ’. ಕನ್ನಡಿಯು ತನ್ನನ್ನು ತಾನು ತೋರಿಸಬೇಕಾಗಿಲ್ಲ. ಮನೆಯ ಮಗನಾಗಲಿ ತಾಯಿಯಾಗಲಿ ಕನ್ನಡಿಯಲ್ಲ. ತೋರಬೇಕಾದ ದೃಶ್ಯದಲ್ಲಿ ಅವರೂ ಒಂದು ಭಾಗ. ತಂದೆಯಿಲ್ಲದ ಊಟದ ಸಾಲು ಆ ಮನೆಯ ಊಟದ ಸಾಲೇ ಅಲ್ಲ.

ಈ ಎಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಸಿದ್ಧರಿಲ್ಲದವರ ಚಿತ್ರ ತೆಗೆಯುವುದೆಂದರೆ ಅವರ ಮೇಲೆ ಒಂದು ಅಧಿಕಾರವನ್ನು ನಡೆಸುವುದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನ ಒಂದು; ಸ್ತ್ರೀಪುರುಷರು ಏಕಾಂತದಲ್ಲಿ ನಡೆದುಕೊಂಡದ್ದನ್ನು ಬಯಲು ಮಾಡುವುದೆಂದು ಅದನ್ನು ವಿವರಿಸುತ್ತಾರೆ. ಇನ್ನೊಂದು ಸಾಕಾರಮಂತ್ರಭೇದ, ಮುಖದ, ಮೈಯ ಚಹರೆಯಿಂದ ಒಬ್ಬರ ಒಳಗಿನ ಅಭಿಪ್ರಾಯವನ್ನು ಅರಿತು ಅದನ್ನು ಹೊರಗೆಡಹುವುದು. ಆಚಾರ್ಯರು ಕ್ಯಾಮೆರಾವನ್ನು ಕಂಡಿರಲಿಲ್ಲ, ಆದರೆ ಕ್ಯಾಮೆರಾ ಮಾಡಬಲ್ಲ ಕೇಡನ್ನು ಕಂಡಿದ್ದರು. ಬಾಯಿ ತೆರೆದು ನಿದ್ರಿಸುವ ವೃದ್ಧರು, ಸಿಟ್ಟಿನಲ್ಲಿ ಕೈ ಎತ್ತಿದ ತಾಯಿ, ಕಣ್ಣೊರಸಿಕೊಳ್ಳುತ್ತಿರುವ ಹೊಸ ಸೊಸೆ ಇವರೆಲ್ಲ ಸಹಜ ಚಿತ್ರದಲ್ಲಿ ಸಿಕ್ಕಿಬೀಳುತ್ತಾರೆ. ತೆಗೆದವರು ನಗುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ, ಈಗ ಒಂದೇ ಬೆರಳಿನ ಒತ್ತಿಗೆ ನೂರು ಮನೆಗೆ ಕಳುಹಿಸುತ್ತಾರೆ. ಪರರ ದೋಷವನ್ನು ಮುಚ್ಚುವ ಉಪಗೂಹನವನ್ನು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾಗಿ ಎಣಿಸಿದ ಧರ್ಮಕ್ಕೆ ಇದು ಒಪ್ಪುವ ನಡತೆಯಲ್ಲ.

ಹೀಗೆ ಉಳಿದವರನ್ನು ಅವರ ಅರಿವಿಲ್ಲದೆ ಹಿಡಿಯುವವರು, ತಮ್ಮ ಚಿತ್ರವನ್ನು ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಬೆಳಕು ನೋಡಿ ತೆಗೆಸಿಕೊಂಡರೆ ಅಲ್ಲಿ ಎರಡು ಅಳತೆಗಳಾದವು. ಪರರಿಗೆ ಸತ್ಯ, ತನಗೆ ಅಲಂಕಾರ. ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು, ಪರರಲ್ಲಿರುವ ಗುಣವನ್ನು ಮರೆಸುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುವುದು ಇಂತಹ ನಡತೆಗೂ ಅನ್ವಯಿಸಬಹುದು. ಆದುದರಿಂದ ಮನೆಯ ಸಹಜ ಚಿತ್ರಗಳಲ್ಲಿ ತಾವೂ ಇರಬೇಕೆಂಬುದಕ್ಕೆ ಅತ್ಯಂತ ಬಲವಾದ ಕಾರಣ ನೆನಪಲ್ಲ, ಸಮತ್ವ. ಅಜ್ಜಿಯ ಕೆದರಿದ ಕೂದಲು ಆಲ್ಬಮ್ಮಿನಲ್ಲಿ ಇರಬಹುದಾದರೆ ತೆಗೆದವನ ಹರಿದ ಬನಿಯನ್ನೂ ಇರಬಹುದು. ತಾನು ಆ ಸ್ಥಿತಿಯಲ್ಲಿ ಸಿಕ್ಕಿಬೀಳಲು ಒಪ್ಪದವನಿಗೆ ಇತರರನ್ನು ಹಾಗೆ ಹಿಡಿಯುವ ಅಧಿಕಾರವಿಲ್ಲ. ಹಾಗೆ ಒಮ್ಮೆ ಸಿಕ್ಕಿಬಿದ್ದವನು ಮುಂದೆ ಯಾವ ಚಿತ್ರವನ್ನು ಹೊರಗೆ ಕಳುಹಿಸಬೇಕು, ಯಾವುದನ್ನು ಅಲ್ಲಿಯೇ ಅಳಿಸಬೇಕು ಎಂಬುದನ್ನು ಯಾರೂ ಹೇಳಿಕೊಡದೆ ತಿಳಿಯುತ್ತಾನೆ.

ಸೇರಿಸಿಕೊಳ್ಳುವ ಬಗೆ ಹೇಗೆ ಎಂಬುದರಲ್ಲಿಯೂ ಒಂದು ತೊಡಕಿದೆ. ಕ್ಯಾಮೆರಾವನ್ನು ಗೂಡಿನಲ್ಲಿರಿಸಿ, ಹತ್ತು ಸೆಕೆಂಡಿನ ಸೆಲ್ಫ್ ಟೈಮರ್ ಒತ್ತಿ, ಓಡಿ ಬಂದು ಕುಳಿತು, ಏನೂ ಅರಿಯದವರಂತೆ ಪುಸ್ತಕ ಓದುತ್ತಿರುವ ಮುಖ ಮಾಡುವುದುಂಟು. ಮಾನವನ್ನು ಗೆಲ್ಲಲು ಹೊರಟು ಮಾಯಾಕಷಾಯದ ಕೈಗೆ ಸಿಕ್ಕಂತಾಯಿತು. ಇದನ್ನು ಮಹಾದೋಷವೆನ್ನಬೇಕಾಗಿಲ್ಲ. ಓಡಿ ಬರುವಾಗ ಪಂಚೆಯ ಅಂಚು ತೊಡರಿ ಮನೆಯವರೆಲ್ಲ ನಕ್ಕ ಕ್ಷಣ ಸಿಕ್ಕರೆ ಅದು ಎಷ್ಟೋ ಚಿತ್ರಗಳಿಗಿಂತ ಸತ್ಯವಾಗಿರುತ್ತದೆ. ಗಡಿಯಾರವಿಟ್ಟವನು ತಾನು ಗಡಿಯಾರವಿಟ್ಟವನಾಗಿಯೇ ಕಾಣಿಸಿಕೊಳ್ಳಲಿ, ಅದರಲ್ಲಿ ಕಪಟವಿಲ್ಲ. ಕಪಟವಿರುವುದು ಓದುವ ಮುಖದಲ್ಲಿ.

ಇದಕ್ಕಿಂತ ಸರಳವಾದ ದಾರಿ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಡುವುದು. ಕೇಳಲು ಸುಲಭ, ಮಾಡಲು ಕಷ್ಟ. ಚಿತ್ರ ತೆಗೆಯಬಲ್ಲವರಿಗೆ ಉಳಿದವರು ತೆಗೆದ ಚಿತ್ರ ಸಹಿಸದು. ತಲೆ ಕತ್ತರಿಸಿತು, ಓರೆಯಾಯಿತು, ಬೆಳಕಿಗೆ ಎದುರಾಯಿತು ಎಂದು ಮತ್ತೆ ಕಿತ್ತುಕೊಳ್ಳುತ್ತಾರೆ. ತಾನು ಹೊರಗುಳಿಯುವುದು ವಿನಯದಿಂದಲೋ ಅಥವಾ ಈ ಕೆಲಸ ತನಗೊಬ್ಬನಿಗೇ ಬರುತ್ತದೆಂಬ ಜ್ಞಾನಮದದಿಂದಲೋ ಎಂಬುದು ಆ ಗಳಿಗೆಯಲ್ಲಿ ಹೊರಬೀಳುತ್ತದೆ. ಎಂಟು ಮದಗಳ ಪಟ್ಟಿಯಲ್ಲಿ ಜ್ಞಾನದ್ದೇ ಮೊದಲ ಹೆಸರು.

ಚಾವುಂಡರಾಯನ ಐತಿಹ್ಯವೂ ಇಂತಹುದೇ. ಎಲ್ಲ ಏರ್ಪಾಡು ತನ್ನದೆಂಬ ಭಾವದಿಂದ ಆತ ಎರೆಸಿದ ಕೊಡಗಟ್ಟಲೆ ಹಾಲು ಮೂರ್ತಿಯ ಪಾದಕ್ಕೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತೊಟ್ಟು ಹಾಲು ಇಳಿಯಿತು. ಬಳಿಕ ಆತ ಆ ಗುಳ್ಳಕಾಯಜ್ಜಿಯ ಮೂರ್ತಿಯನ್ನು ಬಾಹುಬಲಿಯ ಎದುರಿಗೇ ನಿಲ್ಲಿಸಿದನೆಂದು ಹೇಳುತ್ತಾರೆ. 1981, 1993, 2006, 2018ರ ಮಹಾಮಸ್ತಕಾಭಿಷೇಕಗಳಿಗೆ ಬೆಟ್ಟ ಹತ್ತಿದ ಈ ಕಡೆಯ ಕುಟುಂಬಗಳೆಲ್ಲ ಆಕೆಯ ಮುಂದೆ ಹಾದು ಬಂದವರೇ. ಐತಿಹ್ಯವನ್ನು ಮಾನದ ಭಂಗದ ಕಥೆಯೆಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಏರ್ಪಾಡು ಮಾಡಿದವನು ಕೈ ತೆಗೆದು, ಮಾಡಲು ಬಾರದವಳೆಂದು ತಿಳಿದಿದ್ದವಳ ಕೈಗೆ ಕೆಲಸವನ್ನು ಬಿಟ್ಟದ್ದೂ ಅದರಲ್ಲಿದೆ.

ಮಗುವಿನ ಕೈಗೆ ಕ್ಯಾಮೆರಾ ಕೊಟ್ಟರೆ ಬರುವ ಚಿತ್ರಗಳಲ್ಲಿ ಹಿರಿಯರು ಬಾಗಿಲಿನಷ್ಟು ಎತ್ತರವಾಗಿರುತ್ತಾರೆ. ಸೀರೆಯ ನೆರಿಗೆ, ಕಾಲುಂಗುರ, ಒಲೆಯ ಮುಂದಿನ ಸೌದೆ ಸ್ಪಷ್ಟವಾಗಿ, ಮುಖ ಮಸುಕಾಗಿ ಬರುತ್ತದೆ. ಅದೂ ಒಂದು ನಯ. ಮೂರು ಅಡಿ ಎತ್ತರದಿಂದ ಆ ಮನೆ ಹಾಗೆಯೇ ಕಾಣುತ್ತಿತ್ತು. ಅಂತಹ ಚಿತ್ರದಲ್ಲಿ ತಂದೆ ಸಿಕ್ಕಿಬಿದ್ದರೆ ಆತ ಮಗುವಿಗೆ ಹೇಗೆ ಕಾಣುತ್ತಿದ್ದನೆಂಬುದೂ ಉಳಿಯುತ್ತದೆ; ಎಂತಹ ನಿಪುಣನೂ ತನ್ನ ಚಿತ್ರವನ್ನು ತಾನು ಹಾಗೆ ತೆಗೆಯಲಾರ.

ಕಾಲ ಬದಲಾದಂತೆ ಹೊರಗುಳಿಯುವವರೂ ಬದಲಾಗಿದ್ದಾರೆ. ಹಿಂದೆ ಚಿಕ್ಕಪ್ಪ ಕಾಣುತ್ತಿರಲಿಲ್ಲ, ಈಗ ಅನೇಕ ಮನೆಗಳಲ್ಲಿ ತಾಯಿ ಕಾಣುವುದಿಲ್ಲ. ಮೊಬೈಲ್ ಅವಳ ಕೈಯಲ್ಲಿದೆ; ಮಗುವಿನ ಮೊದಲ ಹೆಜ್ಜೆ, ಶಾಲೆಯ ಮೊದಲ ದಿನ, ಗಂಡ ಮಗನಿಗೆ ಸೈಕಲ್ ಕಲಿಸಿದ್ದು ಎಲ್ಲವನ್ನೂ ಅವಳು ತೆಗೆಯುತ್ತಾಳೆ. ಸಾವಿರಾರು ಚಿತ್ರಗಳ ನಡುವೆ ಅವಳಿರುವುದು ಮದುವೆಮನೆಗೆ ಹೊರಟಾಗ ಸಾಲಾಗಿ ನಿಂತ ಒಂದೆರಡರಲ್ಲಿ. ತಾನು ದಪ್ಪಗಿದ್ದೇನೆ, ಕೂದಲು ಸರಿಯಿಲ್ಲ, ಅಡಿಗೆಮನೆಯ ಸೀರೆ ಎಂದು ಅವಳೇ ಬೇಡವೆನ್ನುವುದೂ ಉಂಟು. ಆ ಬೇಡವನ್ನು ಗೌರವಿಸಬೇಕು. ಒಪ್ಪಿಗೆಯಿಲ್ಲದೆ ತೆಗೆಯುವುದು ಮತ್ತೆ ಹಿಂಸೆಯೇ. ಆದರೆ ಆ ಬೇಡದ ಹಿಂದೆ ಇರುವುದು ಅಪರಿಗ್ರಹವಲ್ಲ, ಸಿಂಗರಿಸಿದ ಮುಖ ಮಾತ್ರ ಚಿತ್ರಕ್ಕೆ ಯೋಗ್ಯವೆಂದು ಜಗತ್ತು ಅವಳಿಗೆ ಕಲಿಸಿದ ಪಾಠ. ಗಂಡನಾಗಲಿ ಮಕ್ಕಳಾಗಲಿ ಒಮ್ಮೆ ಮೊಬೈಲನ್ನು ಅವಳ ಕೈಯಿಂದ ಇಸಿದುಕೊಂಡು ಕೇಳಿದರೆ ಅವಳು ಎಲ್ಲ ಸಲವೂ ಬೇಡವೆನ್ನುವುದಿಲ್ಲ. ಕೇಳುವವರು ಇಲ್ಲದಿರುವುದೇ ಹೆಚ್ಚಿನ ಮನೆಗಳಲ್ಲಿ ನಡೆಯುವುದು.

ಹಿಂದಿನ ಫಿಲ್ಮಿನ ಕುರಿತು ಒಂದು ಮಾತನ್ನು ಇಲ್ಲಿ ಸೇರಿಸಬಹುದು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಕಂಡುಹಿಡಿದ ಕ್ರಮದಿಂದ ಮುಂದೆ ಫಿಲ್ಮು ಮತ್ತು ಚಿತ್ರ ಮೂಡುವ ಕಾಗದಗಳೆರಡರ ಮೇಲೂ ಜೆಲಟಿನ್ ಲೇಪವಿರುತ್ತಿತ್ತು. ಜೆಲಟಿನ್ ಬರುವುದು ಪ್ರಾಣಿಗಳ ಮೂಳೆ, ತೊಗಲುಗಳಿಂದ. ಊಟದಲ್ಲಿ ಅದನ್ನು ಕಟ್ಟುನಿಟ್ಟಾಗಿ ಬಿಟ್ಟವರ ಆಲ್ಬಮ್ಮಿನ ಪ್ರತಿ ಪುಟದಲ್ಲಿಯೂ ಅದಿತ್ತು. ಮೊಬೈಲಿನಲ್ಲಿ ತೆಗೆದು ಪರದೆಯಲ್ಲೇ ನೋಡುವ ಚಿತ್ರಕ್ಕೆ ಆ ದೋಷವಿಲ್ಲ. ಬದಲಿಗೆ ಪರಿಗ್ರಹದ ದೋಷ ಬಂದಿದೆ. ಹನ್ನೆರಡು ಚಿತ್ರದ ಸುರುಳಿ ತಾನಾಗಿ ಪರಿಮಾಣವ್ರತವನ್ನು ಹೇರಿತ್ತು; ಈಗ ಅಂತಹ ಎಲ್ಲೆ ಇಲ್ಲ. ಮೂರ್ಛೆಯೇ ಪರಿಗ್ರಹವೆಂದ ಮೇಲೆ, ಯಾರೂ ಎಂದೂ ತಿರುಗಿ ನೋಡದ ಹತ್ತು ಸಾವಿರ ಚಿತ್ರಗಳನ್ನು ಅಳಿಸಲಾಗದೆ ಹೊಸ ಫೋನು ಕೊಳ್ಳುವುದಕ್ಕೆ ಬೇರೆ ಹೆಸರಿಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕು ಚಿತ್ರ ಸಾಕು ಎಂದು ಒಂದು ಕುಟುಂಬ ಎಣಿಕೆ ಹಾಕಿಕೊಂಡರೆ, ಮನೆಯ ಪ್ರತಿಯೊಬ್ಬರೂ ಅವುಗಳಲ್ಲಿ ಒಮ್ಮೆಯಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುವುದೂ ಸುಲಭವಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದರಲ್ಲಿ ಮಾಡಬಹುದಾದ ಕೆಲಸವಿದೆ. ಮುಚ್ಚಿದ ಮನೆಗಳ ಆಲ್ಬಮ್ಮುಗಳು ಗುಜರಿಗೆ ಹೋಗುವ ಮುನ್ನ ಅವನ್ನು ಪಡೆದು, ಮನೆಯವರ ಒಪ್ಪಿಗೆಯಿಂದ ಪ್ರತಿ ಮಾಡಿಸಿ ಇಡಬಹುದು. ಅವುಗಳಲ್ಲಿರುವವರ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷಗಳನ್ನು ಬರೆಯಿಸಿಕೊಳ್ಳಬಹುದು. ಪೆನ್ನಿನ ಮಸಿ ಕಾಲಕ್ರಮದಲ್ಲಿ ಮುಂಬದಿಗೆ ಇಳಿಯುತ್ತದೆ. ಎಡದಿಂದ ಬಲಕ್ಕೆ ಹೆಸರು ಬರೆಯುವಾಗ ಕೊನೆಯಲ್ಲಿ ತೆಗೆದವರು ಯಾರೆಂದು ಕೇಳಿ ಅದನ್ನೂ ಬರೆಯಬೇಕು. ಹಿರಿಯರು ಒಂದು ಗಳಿಗೆ ಯೋಚಿಸುತ್ತಾರೆ, ಏಕೆಂದರೆ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರುವುದಿಲ್ಲ. ಆಮೇಲೆ ಚಿತ್ರದ ಕೆಳಗಿನ ನೆರಳಿನ ಮೇಲೆ ಬೆರಳಿಟ್ಟು ಹೆಸರು ಹೇಳುತ್ತಾರೆ.